ಇಲ್ಲಿ ಓದುತ್ತದೆ, ಅಲ್ಲಿ ಓದುವುದಿಲ್ಲ

೬ ಡಿಸೆಂಬರ್ ೧೯೯೯, ಸೋಮವಾರ

ಇವತ್ತು ಮೊದಲ ಸಲ ಫ್ಲಾಪಿಗೆ ಕೈ ಹಾಕಿದೆ. ಮೂವತ್ತೆರಡು ದಿನ ಕೂತು ಟೈಪು ಮಾಡಿದ್ದೆಲ್ಲ, ಅಂದರೆ ನಮ್ಮ ನಂಜನಗೂಡಿನ ಕಾಲುವೆ ಕಚೇರಿಯ ನಲವತ್ತಮೂರು ದಿನಗೂಲಿಗಳ ಹತ್ತು ವರ್ಷದ ತಿಂಗಳವಾರು ಹಾಜರಿ, ಅಂಗೈಯಷ್ಟಗಲದ ಈ ಕರಿ ಬಿಲ್ಲೆಯೊಳಗೆ ಕೂರುತ್ತದಂತೆ. ಅದನ್ನು ತಿ. ನರಸೀಪುರದ ಮೇಲಿನ ಕಚೇರಿಗೆ ಮುಟ್ಟಿಸಬೇಕು. ಅಲ್ಲಿ ಎಲ್ಲರದ್ದನ್ನೂ ಕೂಡಿಸಿ ಮೈಸೂರಿಗೆ ಕಳಿಸುತ್ತಾರೆ. ಪಟ್ಟಿಯಲ್ಲಿ ಇದ್ದವರ ಕೆಲಸ ಕಾಯಂ ಆಗುವ ಮಾತಿದೆ. ಇಲ್ಲದವರದು ಇಲ್ಲ. ಕೊನೆಯ ದಿನ ಜನವರಿ ಮೂವತ್ತೊಂದು. ಕಾಗದದಲ್ಲಿ ಕಳಿಸಿದರೆ ಮುಟ್ಟುವುದೂ ಇಲ್ಲವೆಂದು ಸುತ್ತೋಲೆ ದಪ್ಪಕ್ಷರದಲ್ಲಿ ಹೇಳಿದೆ.

ಈ ಕೆಲಸ ನನ್ನ ತಲೆಗೆ ಬಿದ್ದದ್ದು ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ ಪಾಪಕ್ಕೆ. ನಾನು ಗಂಗಾಧರಸ್ವಾಮಿ, ಬಿ.ಎ., ಕನ್ನಡ ಮಾಧ್ಯಮ. ಕಂಪ್ಯೂಟರು ಮಾತಾಡುವುದು ಇಂಗ್ಲಿಷಿನಲ್ಲಿ. ನಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಸನ್ನೆಯಲ್ಲಿ ಸಂಸಾರ ಮಾಡುತ್ತಿದ್ದೇವೆ.

ಫ್ಲಾಪಿ ಮೊದಲು ಒಳಗೆ ಹೋಗಲಿಲ್ಲ. ಅರ್ಧಕ್ಕೆ ಕಚ್ಚಿಕೊಂಡಿತು. ಸರ್ಕಾರಿ ಬೀರು, ಸರ್ಕಾರಿ ಕಿಟಕಿ ಯಾವುದು ತಾನೇ ಹೇಳಿದ ತಕ್ಷಣ ಮುಚ್ಚಿಕೊಂಡಿದೆ? ಪೇಪರ್‌ವೈಟು ತಗೊಂಡು ಎರಡು ಏಟು ಹಾಕಿದೆ. ಒಳಗೆ ಕಟಕ್ ಎಂದಿತು. ಕೆಲಸ ಶುರುವಾದ ಸದ್ದು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ತಲೆಕೆಳಗಾಗಿ ಹಿಡಿದಿದ್ದೆ ಎಂದು. ಎಳೆದು ತೆಗೆದು ತಿರುಗಿಸಿ ಇಟ್ಟರೆ ಬೆಣ್ಣೆಯ ಹಾಗೆ ಹೋಯಿತು. ಪಟ್ಟಿ ಇಳಿಯಿತು. ತೆರೆದು ನೋಡಿದೆ, ಎಲ್ಲ ಸರಿಯಾಗಿ ಓದಿತು.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಮುದ್ದಮ್ಮ ಇದನ್ನೆಲ್ಲ ನೋಡುತ್ತಿದ್ದಳು. ನಮ್ಮ ಕಚೇರಿ ಗುಡಿಸಿ, ನೀರು ತುಂಬಿ, ಬೀಗ ತೆಗೆದು ಹಾಕುವ ದೇವನೂರಿನ ಹೆಂಗಸು. ಪಟ್ಟಿಯಲ್ಲಿ ಹದಿನೇಳನೆಯವಳು. ಕಂಪ್ಯೂಟರ್ ಕೋಣೆಯ ಹತ್ತಿರ ಧೂಳು ಎಬ್ಬಿಸಬೇಡವೆಂದು ಗದರಿ ಕಳಿಸಿದೆ.

೮ ಡಿಸೆಂಬರ್, ಬುಧವಾರ

ಫ್ಲಾಪಿ ಹೊರಟಿತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನನ್ನ ಕೈಯಿಂದ ಬಿಡಿಬಿಡಿಯಾಗಿ ಹೋದ ಕಾಗದ ಒಂದಿಲ್ಲ. ದಬ್ಬಳವನ್ನು ಮೇಣದಬತ್ತಿಗೆ ಹಿಡಿದು ಕಾಯಿಸಿ, ಫ್ಲಾಪಿಯ ಮೂಲೆಗೆ ತೂತು ಹಾಕಿ, ಟ್ಯಾಗಿನಲ್ಲಿ ಪತ್ರಕ್ಕೆ ಪೋಣಿಸಿದೆ. ಮೇಲೆ ಕಚೇರಿಯ ಗುಂಡು ಮೊಹರು. ಲಕೋಟೆಗೆ ಐದು ಕಡೆ ಅರಗು ಹುಯ್ದು ಸೀಲು ಒತ್ತಿದೆ. ಮಹಾರಾಜರ ಕಾಲದಲ್ಲೂ ಇಷ್ಟು ಬಂದೋಬಸ್ತಾಗಿ ಯಾವ ಪತ್ರವೂ ಹೋಗಿರಲಿಕ್ಕಿಲ್ಲ.

೧೫ ಡಿಸೆಂಬರ್, ಬುಧವಾರ

ಮಹಾರಾಜರ ಪತ್ರ ಹಿಂದಕ್ಕೆ ಬಂತು. ಜೊತೆಗೊಂದು ಚೀಟಿ: 'ಫ್ಲಾಪಿಯು ತೂತಾಗಿ, ಬೆಂದು, ಸೊಟ್ಟಗಾಗಿ ಬಂದಿರುತ್ತದೆ. ದಯವಿಟ್ಟು ಇನ್ನೊಂದು ಪ್ರತಿ ಕಳಿಸುವುದು. ಟ್ಯಾಗು ಬೇಡ. ಅರಗು ಬೇಡ.' ಕೆಳಗೆ ಕವನ, ಡೇಟಾ ಆಪರೇಟರ್ ಎಂದು ಸಹಿ. ಅಕ್ಷರ ದುಂಡಗಿದೆ. ಗುತ್ತಿಗೆ ಮೇಲೆ ಬಂದ ಹುಡುಗಿಯಂತೆ. ನನ್ನಂಥವನಿಗೆ ಅರಗು ಬೇಡವೆಂದು ಬರೆಯುವಷ್ಟು ಕಾಲ ಕೆಟ್ಟಿದೆ.

ಸಾಯಂಕಾಲ ಬೀಗ ಹಾಕುವಾಗ ಮುದ್ದಮ್ಮ ಕೇಳಿದಳು. "ನನ್ನೆಸ್ರು ಓಯ್ತಾ ಸಾ?"

"ಹೋಯ್ತು" ಎಂದೆ.

ಹೋದದ್ದು ನಿಜ. ಹಿಂದಕ್ಕೆ ಬಂತೇ ಎಂದು ಅವಳು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದೆಂದು ಪರೀಕ್ಷೆಯಲ್ಲೇ ಕಲಿತಿದ್ದೇನೆ. ಹೇಗೂ ನಾಲ್ಕು ದಿನದಲ್ಲಿ ನಾನೇ ತಗೊಂಡು ಹೋಗಿ ಕೊಟ್ಟು ಬರುತ್ತೇನೆ.

೨೦ ಡಿಸೆಂಬರ್, ಸೋಮವಾರ

ಹೊಸ ಫ್ಲಾಪಿಗೆ ಇಳಿಸಿ ನಾನೇ ನರಸೀಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಹೊಳೆದದ್ದು:

ಕೆಂಪು ಬಸ್ಸು, ಧೂಳು, ಕುಲುಕು,
ಜೇಬಲಿ ಫ್ಲಾಪಿ, ಎದೆಯಲಿ ಅಳುಕು.

ಕವನ ಎಂಬಾಕೆಗೆ ಹೆಚ್ಚೆಂದರೆ ಇಪ್ಪತ್ತಮೂರು. ನನ್ನ ಫ್ಲಾಪಿಯನ್ನು ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಿದಳು. ಆಮೇಲೆ ಮಿಷನ್ನಿಗೆ ಹಾಕಿದಳು. ಅದು ಅಜೀರ್ಣವಾದ ಎಮ್ಮೆಯ ಹಾಗೆ ಗೊರಗೊರ ಎಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಅಂತ. ಮೇಲಿನ ಕಚೇರಿ ಏನು ಕೇಳಿದರೂ ಹೌದು ಎಂದು ನನಗೆ ಅಭ್ಯಾಸ. ಅವಳು "ಬೇಡ ಸಾರ್" ಎನ್ನುವಷ್ಟರಲ್ಲಿ ನನ್ನ ಬೆರಳು 'ಯೆಸ್' ಒತ್ತಿಯಾಗಿತ್ತು.

ಫಾರ್ಮ್ಯಾಟ್ ಅಂದರೆ ಸ್ಲೇಟು ಒರೆಸುವುದು ಎಂದು ಅವಳು ತಿಳಿಸಿ ಹೇಳಿದಳು. ಫ್ಲಾಪಿಯಲ್ಲಿದ್ದ ನಲವತ್ತಮೂರು ಜನವನ್ನು ನನ್ನ ಕೈಯಾರೆ ಒರೆಸಿ, ಖಾಲಿ ಬಿಲ್ಲೆ ಜೇಬಿನಲ್ಲಿಟ್ಟುಕೊಂಡು ವಾಪಸ್ಸು ಬಂದೆ. ಮೂಲ ಪ್ರತಿ ನಂಜನಗೂಡಿನ ಕಂಪ್ಯೂಟರಿನ ಹೊಟ್ಟೆಯಲ್ಲಿದೆ, ಗಾಬರಿಯಿಲ್ಲ. ಇದನ್ನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ.

೨೩ ಡಿಸೆಂಬರ್, ಗುರುವಾರ

ಕೆಲಸದ ನಡುವೆ ಒಂದು ಸ್ವಂತ ಕೆಲಸ. ಕಾಲೇಜಿನ ಕಾಲದಿಂದ ಬರೆದ ಪ್ರಾಸಗಳನ್ನೆಲ್ಲ ಒಂದು ಫ್ಲಾಪಿಗೆ ಏರಿಸಿದೆ. ನೂರ ಹನ್ನೊಂದು. ಸಾಹೇಬರ ಕಣ್ಣಿಗೆ ಬೀಳದ ಹಾಗೆ ಕಂಪ್ಯೂಟರಿನಲ್ಲಿ ಗುರುತು ಉಳಿಸಿಲ್ಲ. ಹಳೆಯ ನೋಟುಬುಕ್ಕನ್ನು ಮಲ್ಲಾಜಮ್ಮನಿಗೆ ಕೊಟ್ಟು, ಇನ್ನು ಕಾಗದದ ಕಾಲ ಮುಗಿಯಿತು ಎಂದೆ. ಅವಳು ಪುಣ್ಯಾತ್ಗಿತ್ತಿ, ಹೆಂಡತಿಯಾದವಳು ಬೇಡ ಅನ್ನಬೇಕಿತ್ತು. ನೀರೊಲೆಗೆ ಹಾಕಿ ಹಂಡೆ ಕಾಯಿಸಿದಳು. "ಇಷ್ಟು ವರ್ಷಕ್ಕೆ ಒಂದಿನ ನಿಮ್ಮ ಪ್ರಾಸದಿಂದ ಬಿಸಿನೀರಾದರೂ ಆಯ್ತು ಕಣ್ರೀ" ಎಂದಳು.

ನೂರ ಹನ್ನೆರಡನೆಯದನ್ನು ಇವತ್ತು ಟೈಪು ಮಾಡುತ್ತ ಗಟ್ಟಿಯಾಗಿ ಹೇಳಿಕೊಂಡೆ:

ಅಂಗೈ ಅಗಲದ ಫ್ಲಾಪಿ,
ಅದರೊಳಗೆಲ್ಲರ ಕಾಪಿ;
ಓದು ಎಂದರೆ ಬಾಯೇ ಬಿಡದು,
ಎಂಥ ಮೊಂಡು ಪಾಪಿ.

ಹೊರಗೆ ಕಸ ಗುಡಿಸುವ ಸದ್ದು ನಿಂತಿತ್ತು. ಕೇಳಿಸಿಕೊಂಡಳೋ ಏನೋ. ಪ್ರಾಸದ ಗತ್ತು ಅವಳಿಗೇನು ತಿಳಿಯಬೇಕು.

೨೯ ಡಿಸೆಂಬರ್, ಬುಧವಾರ

ಮತ್ತೆ ನರಸೀಪುರ. ಮೂರು ಪ್ರತಿ, ಮೂರು ಹೊಸ ಫ್ಲಾಪಿ. ಒಂದನ್ನೂ ಓದಲಿಲ್ಲ. ಈ ಸಲ ಬೆರಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ. ನಿಮ್ಮ ಮಿಷನ್ನೇ ಸರಿಯಿಲ್ಲ ಎಂದೆ. ಕವನ ಬೇರೆ ತಾಲ್ಲೂಕುಗಳಿಂದ ಬಂದ ಫ್ಲಾಪಿ ಹಾಕಿ ತೋರಿಸಿದಳು. ಒಂದಾದ ಮೇಲೊಂದು ಗಿಣಿಯ ಹಾಗೆ ಓದಿತು. ನನ್ನದು ಹಾಕಿದರೆ ಮಾತ್ರ ಎಮ್ಮೆ.

ಊರಿಗೆ ಬಂದು ಬಜಾರಿನ ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರಿಗೂ ಕೊಟ್ಟು ನೋಡಿದೆ. ಅದೂ ಓದಲಿಲ್ಲ. ಕಚೇರಿಗೆ ಹೋಗಿ ನನ್ನದಕ್ಕೆ ಹಾಕಿದರೆ ಗಡಗಡ ಓದಿತು. ಇದರಿಂದ ನಾನು ತೆಗೆದ ತೀರ್ಮಾನ, ಎರಡೂ ತಾಲ್ಲೂಕಿನ ಕಂಪ್ಯೂಟರುಗಳು ಒಟ್ಟಾಗಿ ನನ್ನೊಬ್ಬನ ಮೇಲೆ ಬಿದ್ದಿವೆ.

ಹೆಸರು ನೋಡಿದರೆ ಕವನ,
ಮಾಡುವುದೆಲ್ಲ ನನ್ನ ಹವನ.

ಇದು ನೂರ ಹದಿಮೂರು. ಪ್ರಾಸದ ಫ್ಲಾಪಿಗೆ ಸೇರಿಸಿದೆ.

೩ ಜನವರಿ ೨೦೦೦, ಸೋಮವಾರ

ಎರಡು ಸಾವಿರ ಇಸವಿ ಹುಟ್ಟುವಾಗ ಕಂಪ್ಯೂಟರು ಸಾಯುತ್ತದೆ ಎಂದು ಯಾರೋ ಹೇಳಿದ್ದರಿಂದ ಸಾಹೇಬರು ಎರಡು ದಿನ ಪ್ಲಗ್ಗು ಕೀಳಿಸಿ ಇಟ್ಟಿದ್ದರು. ಇವತ್ತು ಹಾಕಿದೆ. ಬದುಕಿದೆ. ಸೋಮವಾರದ ಪೂಜೆಯೂ ಆಯಿತು. ಕಂಪ್ಯೂಟರಿನಲ್ಲಿ ಊದುಬತ್ತಿ ಸಿಕ್ಕಿಸಲು ಬೇರೆ ಸಂದು ಇಲ್ಲ. ಫ್ಲಾಪಿಯ ಬಾಯಿಯೇ ಅನುಕೂಲ.

ಪತ್ರ ಬರೆದೆ: 'ಸದರಿ ಫ್ಲಾಪಿಗಳು ಈ ಕಚೇರಿಯಲ್ಲಿ ಓದುತ್ತವೆ.' ನಾಲ್ಕು ಸಾಲಿನ ಪತ್ರಕ್ಕೆ ಮೂರು ಕರಡು. ಒಂದು ಅಕ್ಷರ ಆಚೀಚೆ ಇಲ್ಲ.

೭ ಜನವರಿ, ಶುಕ್ರವಾರ

ಉತ್ತರ: 'ಈ ಕಚೇರಿಯಲ್ಲಿ ಓದುವುದಿಲ್ಲ.' ಒಂದೇ ಸಾಲು. ಕರಡು ಇಲ್ಲದೆ ಬರೆದದ್ದು.

೧೧ ಜನವರಿ, ಮಂಗಳವಾರ

ಮಧ್ಯಾಹ್ನ ಮುದ್ದಮ್ಮ ಬಾಗಿಲಾಚೆ ನಿಂತು ಒಂದು ವಿಷಯ ಹೇಳಿದಳು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕ್ಲೀನಿಂಗ್ ಕೆಲಸಕ್ಕೆ ಕಂಟ್ರಾಕ್ಟರು ಕರೆದಿದ್ದನಂತೆ. ಸಂಕ್ರಾಂತಿ ಕಳೆದ ಮೇಲೆ ಬಾ, ಇಲ್ಲಿಗಿಂತ ಜಾಸ್ತಿ ಕೊಡ್ತೀನಿ ಅಂದಿದ್ದನಂತೆ. ಇವಳು ಬರುವುದಿಲ್ಲ ಎಂದು ನಿನ್ನೆ ಹೇಳಿ ಕಳಿಸಿದಳಂತೆ. ಆ ಜಾಗಕ್ಕೆ ಇವಳ ಊರಿನವಳೇ ಪುಟ್ಟಮಾದಮ್ಮ ಒಪ್ಪಿಕೊಂಡಳಂತೆ.

ಯಾಕೆ ಬೇಡ ಅಂದೆ ಎಂದು ಕೇಳಿದೆ. ಕೇಳಬಾರದಿತ್ತು.

"ನೀವೇ ಅಂದ್ರಲ್ಲಾ ಸಾ, ಎಸ್ರು ಓಯ್ತು ಅಂತ. ಎಸ್ರು ಓದ್ಮೇಲೆ ನಾ ಬುಟ್ಟೋದ್ರೆ ನಿಮ್ಗೆ ಕೆಟ್ಟೆಸ್ರು ಬರಕಿಲ್ವಾ?"

ಇನ್ನು ಇಪ್ಪತ್ತು ದಿನ.

೧೩ ಜನವರಿ, ಗುರುವಾರ

ಪ್ರಾಸ ಬರಲಿಲ್ಲ.

೧೫ ಜನವರಿ, ಶನಿವಾರ, ಸಂಕ್ರಾಂತಿ

ಮುದ್ದಮ್ಮ ಮಗಳ ಕೈಯಲ್ಲಿ ಅವರೆಕಾಯಿ ಕಳಿಸಿದ್ದಳು. ಸೊಗಡು ಚೆನ್ನಾಗಿತ್ತು ಎಂದು ಮಲ್ಲಾಜಮ್ಮ ಹೇಳಿದಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದೆ. ಇವತ್ತಿಗೆ ಎರಡನೆಯ ಸುಳ್ಳು. ಮೊದಲನೆಯದು ಎಳ್ಳು ಬೀರಲು ಬಂದವರಿಗೆ ನಾನು ಒಳ್ಳೆಯ ಮಾತಾಡಿದ್ದು.

೧೯ ಜನವರಿ, ಬುಧವಾರ

ನರಸೀಪುರಕ್ಕೆ, ಕವನಳಿಗೆ, ಫೋನು ಮಾಡಿದೆ. ಜಗಳಕ್ಕಲ್ಲ. ಏನು ಮಾಡಬಹುದಮ್ಮ ಎಂದು ಕೇಳಿದೆ.

ಒಂದು ಪರೀಕ್ಷೆ ಹೇಳಿದಳು. ತನ್ನ ಮಿಷನ್ನಿನಲ್ಲಿ ಬರೆದ ಫ್ಲಾಪಿಯನ್ನು ಟಪಾಲಿನಲ್ಲಿ ಕಳಿಸುತ್ತಾಳೆ. ನನ್ನದು ಓದಿದರೆ ತಪ್ಪು ಬೇರೆ ಎಲ್ಲೋ ಇದೆ. ಓದದಿದ್ದರೆ ತಪ್ಪು ನನ್ನ ಮಿಷನ್ನಿನ ಬಾಯಲ್ಲಿದೆ. ನ್ಯಾಯವಾದ ಮಾತು.

೨೨ ಜನವರಿ, ಶನಿವಾರ

ಓದಲಿಲ್ಲ.

ನಾಲ್ಕು ಸಲ ಹಾಕಿದೆ. ಒರೆಸಿ ಹಾಕಿದೆ. ಊದಿ ಹಾಕಿದೆ. 'ನಂಜುಂಡೇಶ್ವರ' ಅಂದು ಹಾಕಿದೆ. ಬಜಾರಿನ ಅಂಗಡಿಯಲ್ಲಿ ಅದೇ ಫ್ಲಾಪಿ ಮೊದಲ ಸಲಕ್ಕೇ ಬಾಯಿ ಬಿಟ್ಟಿತು. ಒಳಗೆ ಒಂದೇ ಸಾಲು ಇತ್ತು: 'ನಮಸ್ಕಾರ ಸಾರ್, ಇದು ಓದಿದರೆ ತಪ್ಪು ನಮ್ಮದು.'

ಅಂಗಡಿಯವನು ಇದೇನು ಸಾರ್ ಅಂದ. ಸರ್ಕಾರಿ ಪತ್ರವ್ಯವಹಾರ ಎಂದೆ.

೨೪ ಜನವರಿ, ಸೋಮವಾರ

ಫಲಿತಾಂಶವನ್ನು ನರಸೀಪುರಕ್ಕೆ ತಿಳಿಸಿಲ್ಲ. ಸಾಹೇಬರಿಗೂ ತಿಳಿಸಿಲ್ಲ. ನರಸೀಪುರದ ಕಂಪ್ಯೂಟರಿನಲ್ಲಿ ಕೂತು ಪುನಃ ಟೈಪು ಮಾಡಲು ಮೂವತ್ತೆರಡು ದಿನ ಬೇಕು, ಇರುವುದು ಏಳು. ಮೂರು ಕರಡು ಮಾಡಿ ಬರೆದ ಆ ಪತ್ರವನ್ನು ಕಡತದಿಂದ ತೆಗೆದು ಓದಿದೆ. ಒಂದು ಅಕ್ಷರ ಆಚೀಚೆ ಇಲ್ಲ.

ಬೀಗ ಹಾಕುವಾಗ ಮುದ್ದಮ್ಮ ಇವತ್ತು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

೨೮ ಜನವರಿ, ಶುಕ್ರವಾರ

ಕವನಳೇ ಫೋನು ಮಾಡಿದಳು. "ಓದ್ಲಿಲ್ಲ ಅಲ್ವಾ ಸಾರ್? ಇಷ್ಟು ದಿನ ಸುಮ್ಮನಿದ್ರಿ, ಆಗಲೇ ಗೊತ್ತಾಯ್ತು" ಎಂದಳು. ಛೇಡಿಸಲಿಲ್ಲ. ಛೇಡಿಸಿದ್ದರೆ ಸಹಿಸುವುದು ಸುಲಭವಿತ್ತು.

ಅವಳು ಅಲ್ಲಿನ ರಿಪೇರಿಯವರನ್ನು ಕೇಳಿಯೇ ಫೋನು ಮಾಡಿದ್ದಳು. ಮಾದೇಶ್ ಎಂದು ಹೆಸರು. ಅವರ ಕೈಗೇ ಫೋನು ಕೊಟ್ಟಳು. "ನಿಮ್ ಡ್ರೈವಿಂದು ಓದೋ ಮುಳ್ಳು ಜರುಗೋಗದೆ ಸಾ. ಸೊಟ್ಟಗ್ ಬರಿತದೆ, ಸೊಟ್ಟಗೇ ಓದ್ಕತದೆ. ತಾನ್ ಬರ್ದಿದ್ದ ತಾನೊಬ್ನೇ ಓದ್ಕಬೇಕು, ಬ್ಯಾರೇರ್ಗೆ ತಿಳಿಯಕಿಲ್ಲ. ಬ್ಯಾರೇರು ಬರ್ದಿದ್ದು ಅದ್ಕೂ ತಿಳಿಯಕಿಲ್ಲ."

ನಂಜನಗೂಡಿಗೆ ಬರಲು ಅವರಿಗೆ ಮಂಗಳವಾರದವರೆಗೆ ಆಗುವುದಿಲ್ಲ. ಕೊನೆಯ ದಿನ ಸೋಮವಾರ. ಆದ್ದರಿಂದ ಉಳಿದ ದಾರಿ ಒಂದೇ. ಫ್ಲಾಪಿ ನುಂಗುವ ಆ ಡ್ರೈವನ್ನೇ ಬಿಚ್ಚಿ ತಂದರೆ ಅವರು ಅದನ್ನು ಕವನಳ ಕಂಪ್ಯೂಟರಿಗೆ ಜೋಡಿಸುತ್ತಾರೆ. ಸೊಟ್ಟ ಅಕ್ಷರವನ್ನು ಸೊಟ್ಟ ಮುಳ್ಳೇ ಓದುತ್ತದೆ. ಬಿಚ್ಚುವ ಕ್ರಮವನ್ನು ಕವನ ಹೇಳಿದಳು, ಬರೆದುಕೊಂಡೆ. ನಾಲ್ಕು ಸ್ಕ್ರೂ. ಅಗಲದ ಪಟ್ಟಿ ವಯರು, ಅದರ ಕೆಂಪು ಗೆರೆ ಯಾವ ಕಡೆಗಿತ್ತು ಎಂದು ಗುರುತು ಮಾಡಿಕೊಳ್ಳಬೇಕು. ಕರೆಂಟಿನ ವಯರು. ಅಷ್ಟೇ ಸಾರ್ ಎಂದಳು.

ಸಾಹೇಬರು ಮದುವೆಗೆ ಧಾರವಾಡಕ್ಕೆ ಹೋಗಿದ್ದಾರೆ. ಅವರ ಅಪ್ಪಣೆಯಿಲ್ಲದೆ ಕಚೇರಿಯ ಗುಂಡುಸೂಜಿಯೂ ಹೊರಗೆ ಹೋಗುವ ಹಾಗಿಲ್ಲ.

ಮಾದೇಶ್ ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. ತಾನು ಬರೆದದ್ದನ್ನು ತಾನು ಮಾತ್ರ ಓದುತ್ತದಂತೆ, ಬೇರೆಯವರದು ತಿಳಿಯುವುದಿಲ್ಲವಂತೆ ಎಂದೆ. ಮಲ್ಲಾಜಮ್ಮ ಒಗ್ಗರಣೆ ಸೌಟು ಹಿಡಿದು ನಗಲು ಶುರುಮಾಡಿದವಳು ಸಾಸಿವೆ ಸೀದರೂ ನಿಲ್ಲಿಸಲಿಲ್ಲ. "ಅಂಥಾದ್ರ ಜೊತೆ ಇಪ್ಪತ್ತು ವರ್ಷದಿಂದ ಇದ್ದೀನಿ ಕಣ್ರೀ" ಎಂದಳು. ಇದರಲ್ಲಿ ನಗುವಂಥದ್ದೇನೋ ನನಗೆ ಗೊತ್ತಾಗಲಿಲ್ಲ.

೩೦ ಜನವರಿ, ಭಾನುವಾರ

ಕಚೇರಿಯ ಬೀಗದ ಕೈ ಮುದ್ದಮ್ಮನ ಹತ್ತಿರ. ಆದ್ದರಿಂದ ದೇವನೂರಿಗೆ ಹೋಗಲೇಬೇಕಾಯಿತು. ಬೀಗದ ಕೈ ಇನ್ನಾರ ಹತ್ತಿರವಾದರೂ ಇದ್ದಿದ್ದರೆ ಹೋಗುತ್ತಿದ್ದೆನೇ ಎಂದು ಬಸ್ಸಿನಲ್ಲಿ ಕೇಳಿಕೊಂಡೆ. ಉತ್ತರ ಬರೆಯುವುದಿಲ್ಲ.

ಅವರು ಮನೆಯ ಮುಂದೆ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು, ಯಾರಿಗೆ ಏನಾಯಿತೋ ಎಂದು ಎದ್ದು ನಿಂತರು. ನಾನು ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. ನಿಮ್ಮ ಹೆಸರು ಹೋಗಿಲ್ಲ ಎಂದೆ. ಡಿಸೆಂಬರಿನಲ್ಲಿ ಹೇಳಿದ್ದು ಸುಳ್ಳು, ಯಾರ ಹೆಸರೂ ಹೋಗಿಲ್ಲ, ನಾಳೆ ಕೊನೆಯ ದಿನ ಎಂದೆ.

ಅವರು ಮೊರದಲ್ಲಿದ್ದ ರಾಗಿಯನ್ನು ಚೀಲಕ್ಕೆ ಸುರಿದರು. ಆಮೇಲೆ ನನ್ನನ್ನು ನೋಡಿದರು.

"ಮೊದ್ಲೇ ಯೋಳಿದ್ರೆ ನಾ ಪ್ಯಾಕ್ಟ್ರಿಗೆ ಸೇರ್ಕತಿದ್ನಲ್ಲಾ ಸಾ. ಪುಟ್ಟಮಾದಮ್ಮ ಇವತ್ತು ಅಲ್ಲಿ ಉಣ್ತಾವ್ಳೆ."

ಅವರು ಒಳಗೆ ಹೋಗಿ ಬೀಗದ ಕೈ ತಂದರು. ನನ್ನ ಕೈಗೆ ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದರು.

ಕಚೇರಿಯಲ್ಲಿ ಸ್ಕ್ರೂಡ್ರೈವರು ಇರಲಿಲ್ಲ. ಕಾಗದ ಕತ್ತರಿಸುವ ಚಾಕುವಿನ ತುದಿಯಲ್ಲಿ ತಿರುಗಿಸಿದೆ. ಅವರು ಟಾರ್ಚು ಹಿಡಿದು ಕೋಣೆಯ ಒಳಗೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಕಿತ್ತ ಸ್ಕ್ರೂಗಳನ್ನು ಸೆರಗಿನ ತುದಿಗೆ ಒಂದೊಂದೇ ಗಂಟು ಹಾಕಿಕೊಂಡರು. ಡ್ರೈವು ಹೊರಗೆ ಬಂದಾಗ ಒಳಗಿಂದ ಊದುಬತ್ತಿ ಬೂದಿ ಉದುರಿತು. ನಾಲ್ಕಾರು ಸೋಮವಾರದ್ದು.

ಇದು ಹೇಗೆ ಜರುಗಿತೋ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

"ನೀವೇ ಅಲ್ವಾ ಸಾ ಪೇಪರೊಯ್ಟಲ್ಲಿ ಕುಟ್ಟಿದ್ದು, ಮೊದ್ಲ ದಿನ? ನಾ ನೋಡ್ದೆ. ಓದ್ದೋರು ಕುಟ್ಟೋದೇ ಅಂಗೇನೋ ಅನ್ಕಂಡೆ."

ಐವತ್ತೈದು ದಿನ ಎರಡು ತಾಲ್ಲೂಕು ಸುತ್ತಿ ನಾನು ಹುಡುಕಿದ್ದು ಇವರಿಗೆ ಮೊದಲ ದಿನವೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಧೂಳೆಬ್ಬಿಸಬೇಡ ಅಂತ ಅಟ್ಟಿದಿರಲ್ಲ ಎಂದರು.

ವಸ್ತು ಹೊರಗೆ ಒಯ್ಯುವ ಪಾಸನ್ನು ನಾನೇ ಬರೆದು, ಸಾಹೇಬರ ಪರವಾಗಿ ಎಂದು ನಾನೇ ಸಹಿ ಹಾಕಿದೆ. ಸರ್ವಿಸಿನಲ್ಲಿ ಮೊದಲ ಸಲ. ಸಹಿ ಸ್ವಲ್ಪ ಸೊಟ್ಟಗಾಗಿದೆ.

೩೧ ಜನವರಿ, ಸೋಮವಾರ

ನಾನೊಬ್ಬನೇ ಹೋಗುವವನಿದ್ದೆ. ಮುದ್ದಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ನಿಂತಿದ್ದರು. "ನನ್ನೆಸ್ರ ನಾನೇ ತಕ್ಕೊಂಡೋಯ್ತೀನಿ, ಕೊಡಿ ಇಲ್ಲಿ" ಎಂದು ಡ್ರೈವಿದ್ದ ಊಟದ ಕ್ಯಾರಿಯರ್ ಚೀಲ ಇಸಿದುಕೊಂಡರು. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಬಸ್ಸು ಗುಂಡಿಗಿಳಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಪಟ್ಟಿಯ ಫ್ಲಾಪಿಗಳು ನನ್ನ ಎಡಜೇಬಿನಲ್ಲಿ. ಪ್ರಾಸದ ಫ್ಲಾಪಿ ಬಲಜೇಬಿನಲ್ಲಿ, ಅದನ್ನು ನಾನು ಎಲ್ಲೂ ಬಿಟ್ಟಿರುವುದಿಲ್ಲ.

ಹತ್ತೂಮುಕ್ಕಾಲಿಗೆ ತಲುಪಿದೆವು. ಹನ್ನೊಂದಕ್ಕೆ ಕರೆಂಟು ಹೋಯಿತು.

ಹನ್ನೆರಡು. ಒಂದು. ಎರಡು. ಮಾದೇಶ್ ಡ್ರೈವನ್ನು ಜೋಡಿಸಿ, ಕೈ ಒರೆಸಿಕೊಂಡು, ಕತ್ತಲ ಪರದೆಯ ಮುಂದೆ ಕೂತಿದ್ದರು. ಕವನ ಮೈಸೂರಿಗೆ ಫೋನು ಮಾಡಿ ಸಾಯಂಕಾಲ ಐದರವರೆಗೆ ಕಾಯಿರಿ ಎಂದು ಗೋಗರೆದರು. ಆ ದನಿಯಲ್ಲಿ ನಾನು ನನ್ನ ಸ್ವಂತ ಕೆಲಸಕ್ಕೂ ಯಾರನ್ನೂ ಬೇಡಿಕೊಂಡಿಲ್ಲ. ಕ್ಯಾರಿಯರಿನಲ್ಲಿ ಡ್ರೈವು ತುಂಬಿದ್ದರಿಂದ ನಾನು ಊಟ ತಂದಿರಲಿಲ್ಲ. ಮುದ್ದಮ್ಮ ಬುತ್ತಿ ಬಿಚ್ಚಿ, ಉಣ್ತೀರಾ ಎಂದು ಕೇಳದೆ ಅರ್ಧ ರೊಟ್ಟಿ ಮುರಿದು ನನ್ನ ಕಡೆ ಚಾಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಖಾರ ಜೋರಾಗಿತ್ತು. ಇನ್ನರ್ಧವನ್ನೂ ಕೇಳಿ ತಿಂದೆ.

ಮೂರೂ ಇಪ್ಪತ್ತಕ್ಕೆ ಫ್ಯಾನು ತಿರುಗಿತು.

ಮಾದೇಶ್ ಫ್ಲಾಪಿ ಹಾಕಿದರು. ಗೊರಗೊರ. ನಾನು ಕಣ್ಣು ಮುಚ್ಚಿಕೊಂಡೆ. ಗೊರಗೊರ ನಿಂತು, ಟಿ‌ಕ್ ಟಿಕ್ ಎಂದು ಹದವಾಗಿ ಓಡತೊಡಗಿತು. "ಬಂತು ಸಾರ್" ಎಂದು ಕವನ ಮೆಲ್ಲಗೆ ಹೇಳಿದರು. ಒಂದನೆಯ ಹೆಸರು, ಎರಡನೆಯದು, ನಲವತ್ತಮೂರು.

ನನ್ನದು ಯಾವುದು ಎಂದು ಮುದ್ದಮ್ಮ ಕೇಳಿದರು. ಹದಿನೇಳನೆಯ ಹಾಳೆ ತೆಗೆಸಿ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಕೆಳಗೆ ಹತ್ತು ವರ್ಷದ ತಿಂಗಳುಗಳು ಸಾಲಾಗಿ ನಿಂತಿದ್ದವು. ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತಾರು.

"ಇದೆಲ್ಲಾ ನಾ ಬಂದಿರೋ ದಿನಗಳಾ ಸಾ?"

ಹೌದು ಎಂದೆ. ಈ ಕಂಪ್ಯೂಟರಿನ ಮುಂದೆ ನಾನು ಹೇಳಿದ ಮೊದಲ ಸರಿಯಾದ ಹೌದು.

ಒಂದು ಸಾಲಿನಲ್ಲಿ ಹನ್ನೊಂದು ಎಂದಿತ್ತು. ಅದು ಯಾವ ತಿಂಗಳು ಎಂದು ಕೇಳಿದರು. ತೊಂಬತ್ತನಾಲ್ಕರ ಜೂನ್ ಎಂದೆ. "ನಮ್ಮವ್ವ ಸತ್ತಿದ್ದು" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಟೈಪು ಮಾಡುವಾಗ ಅದು ನನಗೆ ಹನ್ನೊಂದು ಅಷ್ಟೇ ಆಗಿತ್ತು.

ಆಮೇಲೆ ಮಾದೇಶ್ ಡ್ರೈವನ್ನು ಬಿಚ್ಚಿ ನೋಡಿ, ಇದು ತಾನಾಗಿ ಜರುಗಿದ್ದಲ್ಲ, ಯಾರೋ ಸರಿಯಾಗಿ ಕುಟ್ಟಿದ್ದಾರೆ ಎಂದರು. ಮುದ್ದಮ್ಮ ಕಿಟಕಿಯಾಚೆ ಏನೋ ನೋಡುತ್ತಿದ್ದರು. ನಾನೇ ಎಂದೆ. ಪೇಪರ್‌ವೈಟಿನಲ್ಲಿ ಎಂದೂ ಸೇರಿಸಿದೆ. ಯಾರೂ ನಗಲಿಲ್ಲ ಎಂದು ಬರೆಯುವ ಆಸೆ ಇತ್ತು. ಮೂವರೂ ನಕ್ಕರು.

ಡ್ರೈವನ್ನು ಬಿಟ್ಟು ಹೋಗಿ, ಮುಳ್ಳು ನೆಟ್ಟಗೆ ಮಾಡಿ ಕಳಿಸುತ್ತೇನೆ ಎಂದರು ಮಾದೇಶ್. "ಇದರಲ್ಲಿ ಬರೆದ ಬೇರೆ ಫ್ಲಾಪಿ ಏನಾದ್ರೂ ಇದ್ರೆ ಈಗಲೇ ಕೊಡಿ ಸಾರ್, ಆಮೇಲೆ ಓದಲ್ಲ" ಎಂದು ಕವನ ಕೈ ಚಾಚಿದರು. ಬಲಜೇಬಿಗೆ ಕೈ ಹೋಯಿತು. ನೂರ ಹದಿಮೂರನೆಯದು ನೆನಪಾಯಿತು. ಹೆಸರು ನೋಡಿದರೆ.

ಏನೂ ಇಲ್ಲಮ್ಮ ಎಂದೆ.

೮ ಫೆಬ್ರವರಿ, ಮಂಗಳವಾರ

ಡ್ರೈವು ಬಂತು, ಜೊತೆಗೆ ನಲವತ್ತಮೂರು ಹೆಸರೂ ಮೈಸೂರು ತಲುಪಿವೆ ಎಂಬ ಸ್ವೀಕೃತಿ ಪತ್ರ. ಕಾಯಂ ಆದೇಶ ಬಂದಾಗ ಬರಲಿ, ಪಟ್ಟಿಯಂತೂ ಅಲ್ಲಿದೆ. ಕಾರ್ಖಾನೆಯ ಜಾಗ ಮಾತ್ರ ಮತ್ತೆ ಬರುವುದಿಲ್ಲ. ಪತ್ರವನ್ನು ಮುದ್ದಮ್ಮನವರಿಗೆ ಎರಡು ಸಲ ಓದಿ ಹೇಳಿದೆ.

ಡ್ರೈವನ್ನು ಜೋಡಿಸಿದೆ. ಕವನ ಕಳಿಸಿದ್ದ ಪರೀಕ್ಷೆಯ ಫ್ಲಾಪಿ ಹಾಕಿದರೆ ಗಿಣಿಯ ಹಾಗೆ ಓದಿತು: 'ನಮಸ್ಕಾರ ಸಾರ್.' ಪ್ರಾಸದ ಫ್ಲಾಪಿ ಹಾಕಿದೆ. ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಕೇಳಿತು.

ಮಾದೇಶ್‌ಗೆ ಫೋನು ಮಾಡಿದೆ. "ಈಗ ಎಲ್ಲರ್ದೂ ಓದ್ತದೆ ಸಾ" ಎಂದರು. "ನಿಮ್ದೊಂದ್ ಬುಟ್ಟು."

೧೦ ಫೆಬ್ರವರಿ, ಗುರುವಾರ

ಈ ದಿನಚರಿಯಲ್ಲಿ ಹುಡುಕಿದರೆ ಮೂರು ಪ್ರಾಸ ಸಿಕ್ಕವು. ಅದರಲ್ಲಿ ಒಂದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಮಲ್ಲಾಜಮ್ಮನಿಗೆ ಯಾವುದಾದರೂ ನೆನಪಿದೆಯೇ ಎಂದು ಕೇಳಿದೆ. ನೀರು ಚೆನ್ನಾಗಿ ಕಾದಿತ್ತು, ಅಷ್ಟು ನೆನಪಿದೆ ಎಂದಳು. ಆಮೇಲೆ ಪಾಪ ಅನ್ನಿಸಿತೋ ಏನೋ, ಹೊಸದೇನಾದರೂ ಬರೆದರೆ ನನಗೂ ಓದಿ ಹೇಳಿ ಎಂದಳು. ಇಷ್ಟು ವರ್ಷ ಹೇಳಿಲ್ಲವೇ ಎಂದೆ. ಇಲ್ಲ ಎಂದಳು.

ಸಾಯಂಕಾಲ ಮುದ್ದಮ್ಮ ಕಂಪ್ಯೂಟರ್ ಕೋಣೆ ಗುಡಿಸಿ, ಕುರ್ಚಿ ಎಳೆದು ಕೂತರು. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ನೂರ ಹತ್ತು ಪ್ರಾಸ ಹಾಳಾದವು ಎಂದೆ. ಯಾವುದು, ಆವತ್ತು ಒಬ್ಬರೇ ಹೇಳಿಕೊಳ್ಳುತ್ತಿದ್ದಿರಲ್ಲ ಅದಾ ಎಂದರು. ಅದು ತಮಗೆ ಬರುತ್ತದಂತೆ, ಅವರ ಕೇರಿಯ ಮಕ್ಕಳಿಗೂ ಬರುತ್ತದಂತೆ. ತಾಳ ಹಾಕಿಕೊಂಡು ಹೇಳಿದರು. ಕೊನೆಯ ಸಾಲು ಹಾಗಲ್ಲ ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಅವರು ಹೇಳಿದ ಹಾಗೇ ಇಲ್ಲಿ ಬರೆದಿಟ್ಟಿದ್ದೇನೆ:

ಅಂಗೈ ಅಗ್ಲದ ಪ್ಲಾಪಿ,
ಅದ್ರೊಳ್ಗೆ ನಮ್ಮೆಲ್ರ ಕಾಪಿ;
ಓದು ಅಂದ್ರೆ ಬಾಯೇ ಬುಡದು,
ಕುಟ್ದೋನೇ ದೊಡ್ ಪಾಪಿ.